ಹೇರು ಹೊತ್ತ ಕಿರುಗಾಡಿ: ಸೇನಾ ಲಾರಿಯ ಮಾದರಿನಿರ್ಮಾಣವನ್ನು ಕುರಿತು ಒಂದು ಸಮೀಕ್ಷೆ

ಬೆಳಗಾವಿಯಿಂದ ಗೋಕಾಕಕ್ಕೆ ಸಾಗುವ ಹಾದಿಯ ನಡುವೆ ಸಿಕ್ಕುವ ಅಂಕಲಗಿಯಲ್ಲಿ ಬಾಲ್ಯವನ್ನು ಕಳೆದ ನನ್ನಂಥವರಿಗೆ ಸೇನೆಯ ಲಾರಿಯೆಂಬುದು ಚಿತ್ರದಲ್ಲಿ ಕಂಡು ತಿಳಿದ ವಸ್ತುವಲ್ಲ. 1922ರಿಂದಲೂ ಮರಾಠಾ ಲಘು ಪದಾತಿದಳದ ತರಬೇತಿಯ ನೆಲೆಯಾಗಿರುವ ಬೆಳಗಾವಿಯ ದಂಡಿನ ಪ್ರದೇಶವು ನಮಗೆ ಕೆಲವೇ ಹರಿದಾರಿಗಳ ದೂರ. ಅಲ್ಲಿಂದ ಹೊರಟ ಹಸುರು ವಾಹನಗಳು ಒಂದರ ಹಿಂದೊಂದು, ನಡುವಣ ಅಂತರ ಹೆಚ್ಚದೆ ಕುಗ್ಗದೆ, ಜೋಳದ ಹೊಲಗಳ ಮಗ್ಗುಲಲ್ಲಿ ಧೂಳೆಬ್ಬಿಸಿಕೊಂಡು ಹಾದುಹೋಗುವಾಗ, ‘ಮಿಲ್ಟ್ರಿ ಗಾಡಿ ಬಂದ್ವು’ ಎಂದು ಕೂಗುತ್ತ ರಸ್ತೆಯ ದಂಡೆಗೆ ಓಡುತ್ತಿದ್ದ ಹುಡುಗರ ಗುಂಪಿನಲ್ಲಿ ನಾನೂ ಒಬ್ಬನಾಗಿದ್ದೆನು. ಆ ಮೆರವಣಿಗೆಯು ಕಣ್ಮರೆಯಾದ ಬಳಿಕವೂ ಅದರ ಸದ್ದು ಕಿವಿಯಲ್ಲಿ ಉಳಿದಿರುತ್ತಿತ್ತು. ಉಳಿದುದನ್ನು ಕೈಯಿಂದ ಮಾಡಿ ನೋಡಬೇಕೆಂಬ ಹಂಬಲವು ಅಂದೇ ಹುಟ್ಟಿತು.

ಕೆಲವು ವರ್ಷಗಳ ಹಿಂದೆ, ಬಹುದಿನಗಳ ಶ್ರಮದಿಂದ, ಮೂವತ್ತೈದರಲ್ಲಿ ಒಂದು ಪಾಲಿನ ಪ್ರಮಾಣದಲ್ಲಿ ಶಕ್ತಿಮಾನ್ ಲಾರಿಯೊಂದನ್ನು ಕಟ್ಟಿ ಮುಗಿಸಿ, ಅದೇ ಜಾತಿಯ ಲಾರಿಯನ್ನು ಸೇನೆಯಲ್ಲಿ ನಡೆಸಿ ನಿವೃತ್ತರಾಗಿದ್ದ ನಮ್ಮ ಕಾಕಾ ಅವರ ಮುಂದೆ ತಂದಿಟ್ಟೆನು. ಅವರು ಕನ್ನಡಕವನ್ನು ಸರಿಪಡಿಸಿಕೊಂಡು ಅದನ್ನು ನಾಲ್ಕೂ ಕಡೆಯಿಂದ ತಿರುಗಿಸಿ ನೋಡಿ, “ಚಲೋ ಮಾಡೀ ತಮ್ಮಾ, ಎಲ್ಲಾ ಐತಿ. ಆದ್ರ ಈ ಗಾಡಿ ಎಂದೂ ಹೇರು ಹೊತ್ತಿಲ್ಲ ನೋಡು” ಎಂದರು. ಅಳತೆಯಲ್ಲಿ ತಪ್ಪಿರಲಿಲ್ಲ, ಬಣ್ಣದಲ್ಲಿ ತಪ್ಪಿರಲಿಲ್ಲ, ಆದರೂ ಅವರ ಮಾತು ಸತ್ಯವೆಂದು ಆ ಕ್ಷಣವೇ ನನ್ನ ಮನಸ್ಸಿಗೆ ಹೊಳೆಯಿತು. ಹಾಗಾದರೆ ಮಾದರಿಯಲ್ಲಿ ‘ವಿವರ’ ಎಂದು ನಾವು ಕರೆಯುವುದು ಏನನ್ನು? ಎಷ್ಟು ವಿವರವಿದ್ದರೆ ಸಾಕು, ಯಾವ ವಿವರವಿಲ್ಲದಿದ್ದರೆ ಉಳಿದುದೆಲ್ಲ ವ್ಯರ್ಥ? ಈ ಪ್ರಶ್ನೆಯನ್ನು ಈ ಕಲೆಯ ಬೇರೆಬೇರೆ ಪಕ್ಷಗಳು ಹೇಗೆ ಉತ್ತರಿಸಿವೆ ಎಂಬುದನ್ನು ಪರಾಮರ್ಶಿಸಿ, ನನಗೆ ಯುಕ್ತವೆಂದು ತೋರಿದ ನಿರ್ಣಯವನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕಿರುಮಾದರಿಗಳ ನಿರ್ಮಾಣವು ಪರದೇಶದಿಂದ ಪೆಟ್ಟಿಗೆಯಲ್ಲಿ ಬಂದ ಹವ್ಯಾಸವೆಂದು ಭಾವಿಸುವವರು ನಮ್ಮ ಕಡೆಯ ಹಬ್ಬಹರಿದಿನಗಳನ್ನು ಮರೆತಿದ್ದಾರೆಂದೇ ಹೇಳಬೇಕು. ಮುಂಗಾರಿನ ಮೊದಲ ಮಳೆಗಳ ಹೊತ್ತಿಗೆ ಬರುವ ಮಣ್ಣೆತ್ತಿನ ಅಮಾವಾಸ್ಯೆಯಂದು ಉತ್ತರ ಕರ್ನಾಟಕದ ಮನೆಮನೆಯಲ್ಲಿಯೂ ಕೆರೆಯ ಮಣ್ಣನ್ನು ತಂದು ಜೋಡೆತ್ತುಗಳನ್ನು ಮಾಡಿ ಪೂಜಿಸುವ ರೂಢಿಯುಂಟು. ಅಂಗೈಯಲ್ಲಿ ಹಿಡಿಸುವ ಆ ಎತ್ತಿನಲ್ಲಿ ಕಣ್ಣುರೆಪ್ಪೆಯಿಲ್ಲ, ಗೊರಸಿನ ಸೀಳಿಲ್ಲ; ಆದರೆ ಹಿಣಿಲು ಮಾತ್ರ ತಪ್ಪದೆ ಇರುತ್ತದೆ. ನೊಗವು ಕೂರುವ ಸ್ಥಳವೇ ಹಿಣಿಲಿನ ಬುಡ; ಅದಿಲ್ಲದ ಎತ್ತು ಒಕ್ಕಲಿಗನ ಕಣ್ಣಿಗೆ ಎತ್ತೇ ಅಲ್ಲ. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಲಾಗದು ಎಂಬ ವಿವೇಕವನ್ನು ಮಾದರಿಕಾರನಿಗೆ ಬೋಧಿಸುವ ಮೊದಲ ಪಾಠವು ಇಲ್ಲಿಯೇ ದೊರೆಯುತ್ತದೆ. ಹಾಗೆಯೇ ಜೋಳದ ದಂಟನ್ನು ಸಿಗಿದು, ಒಳಗಿನ ಬೆಂಡಿಗೆ ಹೊರಗಿನ ಸಿಬರನ್ನೇ ಚುಚ್ಚಿ ಜೋಡಿಸಿ ಚಕ್ಕಡಿಯನ್ನು ಕಟ್ಟುತ್ತಿದ್ದ ಹುಡುಗನು, ಅಂಟಿಲ್ಲದೆ ಮೊಳೆಯಿಲ್ಲದೆ ಅಚ್ಚು, ಮೂಕಿ, ಗಾಲಿಗಳ ಸಂಬಂಧವನ್ನು ತಿಳಿದುಕೊಳ್ಳುತ್ತಿದ್ದನು. ನಾನು ಕಟ್ಟಿದ ಮೊದಲ ಸೇನಾ ಲಾರಿಯೂ ಜೋಳದ ದಂಟಿನದೇ ಆಗಿತ್ತು.

ಈ ಮನೆಯಂಗಳದ ಕೌಶಲವು ವೃತ್ತಿಯಾಗಿ ಪಕ್ವಗೊಂಡ ಸ್ಥಾನವು ನಮಗೆ ಸಮೀಪದಲ್ಲಿಯೇ, ಗೋಕಾಕದಲ್ಲಿ ಇದೆ. ಗೋಕಾಕವೆಂದರೆ ಘಟಪ್ರಭೆಯ ಜಲಪಾತವನ್ನೂ ಕರದಂಟನ್ನೂ ನೆನೆಯುವವರು ಅಲ್ಲಿಯ ಜಿನಗಾರರ ಮರದ ಗೊಂಬೆಗಳನ್ನು ಸಹ ನೆನೆಯತಕ್ಕದ್ದು. ಹಗುರವಾದ ಮರವನ್ನು ಕೆತ್ತಿ ಆಕಾರವನ್ನು ತಂದು, ಹುಣಸೆಬೀಜದ ಅಂಟು ಮತ್ತು ಮರದ ಹೊಟ್ಟಿನ ಮಿಶ್ರಣದಿಂದ ಸಂದುಗಳನ್ನು ತುಂಬಿ, ಮೇಲೆ ಬಿಳಿಯ ಲೇಪವನ್ನು ಕೊಟ್ಟು, ಒಣಗಿದ ಬಳಿಕ ಬಣ್ಣವನ್ನೇರಿಸುವ ಅವರ ಕ್ರಮವೂ, ಇಂದಿನ ಮಾದರಿಕಾರನು ಸಂದಿಗೆ ಪುಟ್ಟಿಯನ್ನು ತುಂಬಿ ಉಪ್ಪುಕಾಗದದಿಂದ ಉಜ್ಜಿ, ಪ್ರೈಮರ್ ಬಳಿದು, ಬಣ್ಣ ಹಾಯಿಸುವ ಕ್ರಮವೂ ಮೂಲತಃ ಒಂದೇ. ಅಲ್ಲಿಯ ಕುಶಲಿಗಳು ಮಾಡುವ ಹಣ್ಣುಕಾಯಿಗಳು ನಿಜವಾದವೆಂದು ಭ್ರಮೆ ಹುಟ್ಟಿಸುವಷ್ಟು ಸಹಜವಾಗಿರುತ್ತವೆ ಎಂಬುದು ಪ್ರಸಿದ್ಧವಾದ ಸಂಗತಿ. ಮಾವಿನ ಕಾಯಿಯಲ್ಲಿ ಹಳದಿಯು ಹಸುರಿನೊಳಗೆ ಕರಗುವ ಸ್ಥಾನವನ್ನು ಅವರು ಹಣ್ಣನ್ನು ನೋಡಿ ಕಲಿತರು. ಗ್ರಂಥವನ್ನು ನೋಡಿ ಅಲ್ಲ.

ಪ್ಲಾಸ್ಟಿಕ್ ಮಾದರಿಗಳ ಜಾಗತಿಕ ಚರಿತ್ರೆಯೂ ಮರದಿಂದಲೇ ಮೊದಲಾಗುತ್ತದೆ. ಈ ಕ್ಷೇತ್ರದಲ್ಲಿ ಇಂದು ಅಗ್ರಗಣ್ಯವಾದ ಜಪಾನಿನ ತಾಮಿಯಾ ಸಂಸ್ಥೆಯು ಶಿಜುವೋಕಾ ನಗರದಲ್ಲಿ 1946ರಲ್ಲಿ ಪ್ರಾರಂಭವಾದದ್ದು ಮರಮುಟ್ಟುಗಳ ವ್ಯಾಪಾರವಾಗಿ. ಮರದ ಮಾದರಿಗಳನ್ನು ಮಾಡಿ, ತರುವಾಯ ಪ್ಲಾಸ್ಟಿಕ್ಕಿಗೆ ತಿರುಗಿದ ಆ ಸಂಸ್ಥೆಯು 1960ರ ದಶಕದ ಆರಂಭದಲ್ಲಿ ಪ್ಯಾಂಥರ್ ಎಂಬ ಜರ್ಮನ್ ಟ್ಯಾಂಕಿನ ಮಾದರಿಯನ್ನು ಹೊರತಂದಾಗ, ಒಳಗಿಡಬೇಕಾದ ಮೋಟಾರು ಮತ್ತು ಬ್ಯಾಟರಿಗಳಿಗೆ ಬೇಕಾದಷ್ಟು ಅವಕಾಶವನ್ನು ಲೆಕ್ಕಹಾಕಿದ್ದರಿಂದ ಅದರ ಪ್ರಮಾಣವು 1:35 ಎಂದು ನಿಂತಿತು. ಹೀಗೆ ಬ್ಯಾಟರಿಯ ಗಾತ್ರದಿಂದ ಹುಟ್ಟಿದ ಸಂಖ್ಯೆಯೇ ಮುಂದೆ ಭೂಸೇನೆಯ ವಾಹನಗಳ ಮಾದರಿಗೆ ಪ್ರಪಂಚವೆಲ್ಲ ಒಪ್ಪಿದ ಮಾನವಾಯಿತೆಂಬುದು ಸ್ವಾರಸ್ಯಕರವಾಗಿದೆ. ಅದಕ್ಕಿಂತ ಹಿಂದಿನದಾದ 1:72ರ ಪ್ರಮಾಣವು ಆರು ಅಡಿಗೆ ಒಂದು ಅಂಗುಲವೆಂಬ ಆಂಗ್ಲ ಅಳತೆಯಿಂದ ಬಂದದ್ದು; 1936ರಲ್ಲಿಯೇ ಇಂಗ್ಲೆಂಡಿನ ಫ್ರಾಗ್ ಸಂಸ್ಥೆಯು ಈ ಪ್ರಮಾಣದ ವಿಮಾನಗಳನ್ನು ಮಾರಲಾರಂಭಿಸಿತ್ತು; 1953ರಲ್ಲಿ ಏರ್‌ಫಿಕ್ಸ್ ಸಂಸ್ಥೆಯು ಸ್ಪಿಟ್‌ಫೈರ್ ವಿಮಾನವನ್ನು ತಂದ ಬಳಿಕ ಅದು ಸಾಮಾನ್ಯ ಜನರ ಮನೆಗಳನ್ನು ಹೊಕ್ಕಿತು.

ಈ ಚರಿತ್ರೆಯಲ್ಲಿ ವಿಮಾನವೂ ಟ್ಯಾಂಕೂ ಮೊದಲಿನಿಂದ ಪಡೆದ ಗೌರವವು ಲಾರಿಗೆ ಬಹುಕಾಲ ದೊರೆಯಲಿಲ್ಲ. ಊರೂರುಗಳ ವೃತ್ತಗಳಲ್ಲಿ ಕಟ್ಟೆಯ ಮೇಲೆ ಟ್ಯಾಂಕನ್ನೋ ವಿಮಾನವನ್ನೋ ಸ್ಮಾರಕವಾಗಿ ನಿಲ್ಲಿಸುವುದುಂಟು. ಲಾರಿಯಾದರೋ ಆಯುಷ್ಯ ತೀರಿದೊಡನೆ ಹರಾಜಿಗೆ ಹೋಗಿ, ‘ಡಿಸ್ಪೋಸಲ್ ಗಾಡಿ’ಯೆಂಬ ಹೆಸರಿನಲ್ಲಿ ಕೆಲವು ಕಾಲ ಕಟ್ಟಿಗೆ ಕಲ್ಲುಗಳನ್ನು ಹೊತ್ತು, ಕಡೆಗೆ ಗುಜರಿಯ ಪಾಲಾಗುತ್ತದೆ. ಆದರೆ ಯುದ್ಧವೆಂಬುದು ಅನ್ನದ ಮೇಲೆ, ಮದ್ದುಗುಂಡಿನ ಮೇಲೆ, ಇಂಧನದ ಮೇಲೆ ನಡೆಯುವಂಥದು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕವು ಎರಡೂವರೆ ಟನ್ನಿನ ಜಿ.ಎಂ.ಸಿ. ಲಾರಿಗಳನ್ನು ಐದು ಲಕ್ಷಕ್ಕೂ ಮಿಕ್ಕು ನಿರ್ಮಿಸಿತು. ಕೆನಡಾ ದೇಶವು ಎಂಟು ಲಕ್ಷಕ್ಕೂ ಹೆಚ್ಚು ಸೇನಾವಾಹನಗಳನ್ನು ಮಾಡಿ ಕಾಮನ್‌ವೆಲ್ತ್ ಸೈನ್ಯಗಳಿಗೆ ಒದಗಿಸಿತು. ಆಫ್ರಿಕದ ಮರಳುಗಾಡಿನಲ್ಲಿ, ಇಟಲಿಯಲ್ಲಿ, ಬರ್ಮದ ಕಾಡಿನಲ್ಲಿ ಭಾರತೀಯ ಸೈನಿಕರು ನಡೆಸಿದ ಮೊಂಡುಮೂಗಿನ ಲಾರಿಗಳಲ್ಲಿ ಬಹುಭಾಗವು ಆ ಕೆನಡಾದವೇ. 1944ರ ಆಗಸ್ಟ್ 25ರಿಂದ ನವೆಂಬರ್ 16ರವರೆಗೆ ಫ್ರಾನ್ಸಿನಲ್ಲಿ ನಡೆದ ‘ರೆಡ್ ಬಾಲ್ ಎಕ್ಸ್‌ಪ್ರೆಸ್’ ಎಂಬ ಸರಬರಾಜು ಸಾಲು ನಾಲ್ಕು ಲಕ್ಷ ಟನ್ನುಗಳಿಗೂ ಮೀರಿದ ಸಾಮಗ್ರಿಯನ್ನು ಮುಂಚೂಣಿಗೆ ಹೊತ್ತೊಯ್ಯಿತು. ಅದರ ಚಾಲಕರಲ್ಲಿ ಹೆಚ್ಚಿನವರು ಕರಿಯ ಅಮೆರಿಕನ್ನರು. ಸ್ಮಾರಕವಿಲ್ಲದ ಇಂಥ ದುಡಿಮೆಗೆ ಮೇಜಿನ ಮೇಲಿನ ಕಿರುಮಾದರಿಯೇ ಎಷ್ಟೋ ಸಲ ಒಂದೇ ಒಂದು ಸ್ಮಾರಕವಾಗುತ್ತದೆ.

ಸ್ವತಂತ್ರ ಭಾರತದ ಸೇನಾ ಲಾರಿಗಳ ವಂಶಾವಳಿಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವುದು ಉಚಿತ. ಮಹಾಯುದ್ಧದಿಂದ ಉಳಿದ ವಾಹನಗಳು ಜೀರ್ಣವಾಗುತ್ತ ಬಂದಾಗ, ಪಶ್ಚಿಮ ಜರ್ಮನಿಯ ಮಾನ್ ಸಂಸ್ಥೆಯಿಂದ ಪರವಾನಗಿಯನ್ನು ಪಡೆದು, 1950ರ ದಶಕದ ಕೊನೆಯಲ್ಲಿ ಜಬಲ್ಪುರದ ಗನ್ ಕ್ಯಾರೇಜ್ ಕಾರ್ಖಾನೆಯಲ್ಲಿ ನಮ್ಮ ದೇಶವು ನಿರ್ಮಿಸತೊಡಗಿದ ಲಾರಿಯೇ ಶಕ್ತಿಮಾನ್. ಅದೇ ನಗರದಲ್ಲಿ ಪ್ರತ್ಯೇಕವಾದ ವಾಹನ ಕಾರ್ಖಾನೆಯು ಸ್ಥಾಪಿತವಾದ ಬಳಿಕ ಇದರ ನಿರ್ಮಾಣವು ಅಲ್ಲಿ ಮುಂದುವರಿದು, 1990ರ ದಶಕದ ನಡುವಿನವರೆಗೂ ನಡೆಯಿತು. ಮುಂದಕ್ಕೆ ಚಾಚಿದ ಬಾನೆಟ್ಟು, ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಬಲ, ಹಿಂದೆ ಕಮಾನುಗಳ ಮೇಲೆ ತಾಡಪತ್ರಿ — ಈ ರೂಪವು 1965 ಮತ್ತು 1971ರ ಯುದ್ಧಗಳ ಕಾಲದ ಸೈನಿಕರ ನೆನಪಿನಲ್ಲಿ ಅಚ್ಚೊತ್ತಿದೆ. ಇದರ ಜೊತೆಗೆ ಜಪಾನಿನ ನಿಸಾನ್ ಸಂಸ್ಥೆಯ ಪರವಾನಗಿಯಿಂದ ಮಾಡಿದ ಒಂದು ಟನ್ನಿನ ಲಾರಿ ಮತ್ತು ಜೋಂಗಾ ಎಂಬ ಸಣ್ಣ ವಾಹನ, ಆಮೇಲೆ ಟಾಟಾ ಲಾರಿಗಳು, ಶಕ್ತಿಮಾನಿನ ತರುವಾಯ ಅಶೋಕ್ ಲೇಲ್ಯಾಂಡಿನ ಸ್ಟಾಲಿಯನ್ — ಇವು ಮುಖ್ಯವಾದವು. ಈ ವಾಹನಗಳಿಂದ ಸೇನೆಗೆ ಅನ್ನಾದಿಗಳನ್ನು ಒದಗಿಸುವ ಆರ್ಮಿ ಸರ್ವಿಸ್ ಕೋರ್ ಎಂಬ ದಳದ ದೊಡ್ಡ ತರಬೇತಿ ಕೇಂದ್ರವು ನಮ್ಮ ಬೆಂಗಳೂರಿನಲ್ಲಿಯೇ ಇದೆ.

ಕನ್ನಡನಾಡಿನ ನೇರ ಪಾತ್ರವು ಟಾಟ್ರಾ ಲಾರಿಯಲ್ಲಿ ಕಾಣುತ್ತದೆ. 1964ರಲ್ಲಿ ಸ್ಥಾಪಿತವಾಗಿ ಬೆಂಗಳೂರನ್ನು ಕೇಂದ್ರವನ್ನಾಗಿ ಮಾಡಿಕೊಂಡು, ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿಯೂ ಮೈಸೂರಿನಲ್ಲಿಯೂ ಕಾರ್ಖಾನೆಗಳನ್ನು ಹೊಂದಿರುವ ಬಿ.ಇ.ಎಂ.ಎಲ್. ಸಂಸ್ಥೆಯು 1986ರಲ್ಲಿ ಚೆಕ್ ದೇಶೀಯರೊಡನೆ ಒಪ್ಪಂದವನ್ನು ಮಾಡಿಕೊಂಡು ಈ ಭಾರೀ ಲಾರಿಗಳನ್ನು ಸೇನೆಗೆ ಒದಗಿಸತೊಡಗಿತು. ಪಿನಾಕ ರಾಕೆಟ್ಟುಗಳನ್ನೂ ಬ್ರಹ್ಮೋಸ್ ಕ್ಷಿಪಣಿಯನ್ನೂ ಹೊರುವ ವಾಹನಗಳು ಈ ಕುಲದವೇ. ಮಾದರಿಕಾರನಿಗೆ ಟಾಟ್ರಾದ ವಿಶೇಷವೇನೆಂದರೆ ಅದಕ್ಕೆ ಸಾಮಾನ್ಯ ಲಾರಿಯಂತೆ ಏಣಿಯಾಕಾರದ ಚಾಸಿಯೇ ಆಧಾರವಲ್ಲ. ಬೆನ್ನೆಲುಬಿನಂತೆ ನಡುವೆ ಹಾಯುವ ದಪ್ಪ ಕೊಳವೆಯೊಂದಕ್ಕೆ, ಹಕ್ಕಿಯ ರೆಕ್ಕೆಗಳಂತೆ ಮೇಲೆಕೆಳಗೆ ತೂಗುವ ಅರ್ಧ ಅಚ್ಚುಗಳು ಸೇರಿರುತ್ತವೆ. 1923ರಲ್ಲಿ ಹಾನ್ಸ್ ಲೆಡ್ವಿಂಕಾ ಎಂಬ ಅಭಿಯಂತರನು ಚಿಕ್ಕ ಕಾರಿಗೆ ಅಳವಡಿಸಿದ ಈ ವಿನ್ಯಾಸದ ಫಲವಾಗಿ, ಲಾರಿಯು ಬರಿದಾಗಿದ್ದಾಗ ಅದರ ಗಾಲಿಗಳ ತಳವು ಒಳಕ್ಕೆ ಸರಿದು ತಲೆಯು ಹೊರಕ್ಕೆ ವಾಲಿರುತ್ತದೆ. ಹೇರು ತುಂಬಿದಾಗ ಗಾಲಿಗಳು ನೆಟ್ಟಗೆ ನಿಲ್ಲುತ್ತವೆ. ಆದಕಾರಣ ಟಾಟ್ರಾ ಲಾರಿಯನ್ನು ಕಟ್ಟುವವನು ‘ಇದರ ಮೇಲೆ ಭಾರವಿದೆಯೋ ಇಲ್ಲವೋ’ ಎಂಬುದನ್ನು ಮೊದಲು ನಿಶ್ಚಯಿಸದೆ ಗಾಲಿಯನ್ನೇ ಅಂಟಿಸುವಂತಿಲ್ಲ.

ಇನ್ನು ಮತಭೇದಗಳ ವಿಚಾರ. ಮೊದಲನೆಯದನ್ನು ಅಳತೆಯ ಪಕ್ಷವೆನ್ನೋಣ. ಇವರ ಮತದಲ್ಲಿ ಮಾದರಿಯೆಂದರೆ ಗಣಿತ. ಮೂಲದ ಪ್ರತಿಯೊಂದು ಅಳತೆಯನ್ನೂ ಮೂವತ್ತೈದರಿಂದ ಭಾಗಿಸಿದರೆ ಸತ್ಯವು ದೊರೆಯುತ್ತದೆ. ಏಳು ಮೀಟರಿನ ಲಾರಿಯು ಇಪ್ಪತ್ತು ಸೆಂಟಿಮೀಟರು. ಸಾಧಾರಣ ಎತ್ತರದ ಚಾಲಕನು ಐದು ಸೆಂಟಿಮೀಟರು. ಇಷ್ಟರವರೆಗೆ ಸುಲಭ. ಆದರೆ ಒಂದು ಮಿಲಿಮೀಟರ್ ದಪ್ಪದ ಮಡಗಾರ್ಡಿನ ತಗಡನ್ನು ಭಾಗಿಸಿದರೆ ಬರುವುದು ಮಿಲಿಮೀಟರಿನ ನೂರರಲ್ಲಿ ಮೂರು ಪಾಲು. ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ಕು ಅಷ್ಟು ತೆಳುವಾಗಲಾರದು. ಪೆಟ್ಟಿಗೆಯಲ್ಲಿ ಬರುವ ಮಡಗಾರ್ಡು ಒಂದು ಮಿಲಿಮೀಟರಿದ್ದರೆ, ನಿಜದ ಲೆಕ್ಕದಲ್ಲಿ ಅದು ಮೂರೂವರೆ ಸೆಂಟಿಮೀಟರಿನ ಉಕ್ಕಿನ ಕವಚವಾಗಿಬಿಡುತ್ತದೆ! ಈ ಕಾರಣದಿಂದಲೇ ಅಂಚುಗಳನ್ನು ಒಳಬದಿಯಿಂದ ಕೆರೆದು ತೆಳುಗೊಳಿಸುವುದು, ಆಮ್ಲದಿಂದ ಕೊರೆದ ಹಿತ್ತಾಳೆಯ ತಗಡಿನ ಭಾಗಗಳನ್ನು ಕೊಂಡು ಜೋಡಿಸುವುದು ಮೊದಲಾದ ಪದ್ಧತಿಗಳು ಬಂದವು. ಹಿತ್ತಾಳೆಯು ದೊರೆಯದ ಊರಿನಲ್ಲಿರುವವರಿಗೆ ನನ್ನ ಅನುಭವದಿಂದ ಹೇಳುವುದಾದರೆ, ಔಷಧದ ಗುಳಿಗೆಪಟ್ಟಿಯ ಹಿಂಬದಿಯ ಅಲ್ಯುಮಿನಿಯಂ ಹಾಳೆಯು ಈ ಲೆಕ್ಕಕ್ಕೆ ಬಹಳ ಸಮೀಪವಾದ ದಪ್ಪವುಳ್ಳದ್ದು. ಬಗ್ಗಿದ ಮಡಗಾರ್ಡಿಗೂ ಹರಿದ ನಂಬರು ಫಲಕಕ್ಕೂ ಅದಕ್ಕಿಂತ ಯೋಗ್ಯವಾದ ವಸ್ತುವನ್ನು ನಾನು ಕಂಡಿಲ್ಲ.

ಅಳತೆಯ ಪಕ್ಷದವರಿಂದ ಈ ಕಲೆಗೆ ಆದ ಉಪಕಾರವು ಅಪಾರವಾದದ್ದು. ಚಾಸಿಯ ಎರಡು ತೊಲೆಗಳು ಕೂದಲೆಳೆಯಷ್ಟು ಓರೆಯಾದರೂ ನಾಲ್ಕು ಗಾಲಿಗಳಲ್ಲಿ ಒಂದು ನೆಲವನ್ನು ಮುಟ್ಟದೆ ನಿಲ್ಲುತ್ತದೆ. ಆದ್ದರಿಂದ ಗಾಜಿನ ಹಲಗೆಯ ಮೇಲಿಟ್ಟು ಚಾಸಿಯನ್ನು ಜೋಡಿಸಬೇಕು, ಅಂಟು ಪೂರ್ತಿ ಗಟ್ಟಿಯಾಗುವ ಮುನ್ನ ಗಾಲಿಗಳನ್ನು ಕೂರಿಸಿ ನೋಡಬೇಕು ಎಂಬ ಶಿಸ್ತು ಅವರದೇ. ಹಿಂಬದಿಯ ಗಾಲಿಗಳು ಒಂಟಿಯೋ ಜೋಡಿಯೋ, ಗಾಲಿಯ ನಡುವಿನ ಬೋಲ್ಟುಗಳು ಎಷ್ಟು, ಇಂಧನದ ಟ್ಯಾಂಕು ಎಡಕ್ಕೋ ಬಲಕ್ಕೋ ಎಂಬುದನ್ನು ಊಹೆಯಿಂದ ತುಂಬದೆ, ಪ್ರಕಟವಾದ ಛಾಯಾಚಿತ್ರಗಳಿಂದಲೂ ಗಣರಾಜ್ಯೋತ್ಸವದ ಪಥಸಂಚಲನದಿಂದಲೂ ಸಂಗ್ರಹಾಲಯಗಳಿಂದಲೂ ಗ್ರಹಿಸತಕ್ಕದ್ದು ಎಂಬ ಸತ್ಯನಿಷ್ಠೆಯೂ ಅವರದೇ. ದಂಡಿನ ಪ್ರದೇಶದ ಬೇಲಿಯಾಚೆಗೆ ಕ್ಯಾಮರವನ್ನು ಚಾಚುವುದು ಶಿಸ್ತಿಗೂ ಕಾನೂನಿಗೂ ವಿರುದ್ಧವೆಂಬುದನ್ನು ಎಳೆಯರು ನೆನಪಿನಲ್ಲಿಡಬೇಕು. ಆದರೆ ಈ ಪಕ್ಷದ ಕೊರತೆಯೂ ಇಲ್ಲಿಯೇ ಇದೆ. ನನ್ನ ಶಕ್ತಿಮಾನಿನಲ್ಲಿ ಬೋಲ್ಟುಗಳ ಎಣಿಕೆಯು ಸರಿಯಾಗಿತ್ತು. ಕಾಕಾ ಅವರು ಬೋಲ್ಟುಗಳನ್ನು ಎಣಿಸಲಿಲ್ಲ.

ಎರಡನೆಯದು ನೋಟದ ಪಕ್ಷ. ಇವರು ಹೇಳುವುದೇನೆಂದರೆ, ಒಂದು ಅಡಿಯ ದೂರದಿಂದ 1:35ರ ಮಾದರಿಯನ್ನು ನೋಡುವವನು ವಾಸ್ತವವಾಗಿ ಮೂವತ್ತೈದು ಅಡಿಗಳ ದೂರದಲ್ಲಿ ನಿಂತು ಲಾರಿಯನ್ನು ನೋಡಿದಂತೆ. ದೂರದ ವಸ್ತುವಿನ ಬಣ್ಣವು ಗಾಳಿಬೆಳಕುಗಳ ಪ್ರಭಾವದಿಂದ ತಿಳಿಯಾಗಿ ತೋರುವುದರಿಂದ, ಸೇನೆಯ ಡಬ್ಬಿಯಲ್ಲಿಯ ಹಸುರನ್ನೇ ತಂದು ಬಳಿದರೂ ಮಾದರಿಯು ಅತಿ ಕಪ್ಪಾಗಿ, ಉಂಡೆಯಂತೆ ಕಾಣುವುದು. ಆದ್ದರಿಂದ ಬಣ್ಣವನ್ನು ತಿಳಿಗೊಳಿಸಿ, ತಗ್ಗುಗಳಲ್ಲಿ ತೆಳುವಾದ ಕಪ್ಪು ನೀರನ್ನು ಹರಿಯಿಸಿ, ಏರುಗಳ ಮೇಲೆ ಒಣಕುಂಚದಿಂದ ತಿಳಿಬಣ್ಣವನ್ನು ಸವರಿ, ಇಲ್ಲದ ನೆರಳುಬೆಳಕುಗಳನ್ನು ಸೃಷ್ಟಿಸಬೇಕು. ಬೆಲ್ಜಿಯಂ ದೇಶದ ಫ್ರಾನ್ಸುವಾ ವರ್ಲಿಂಡನ್ ಅವರು ಈ ಪದ್ಧತಿಯನ್ನು ಲೋಕಪ್ರಿಯಗೊಳಿಸಿದರು. ತರುವಾಯ ಸ್ಪೇನಿನ ಮಾದರಿಕಾರರು ಒಂದೇ ತಗಡಿನ ಮೇಲ್ಭಾಗವನ್ನು ತಿಳಿಯಾಗಿಯೂ ಕೆಳಭಾಗವನ್ನು ಗಾಢವಾಗಿಯೂ ಚಿತ್ರಿಸುವ ಕ್ರಮವನ್ನು ಇನ್ನೂ ಮುಂದಕ್ಕೆ ಒಯ್ದರು. ಇದು ನಮ್ಮ ಗೋಕಾಕದ ಮಾವಿನಕಾಯಿಯ ನ್ಯಾಯವೇ ಸರಿ; ಚಿಕ್ಕ ವಸ್ತುವಿನ ಮೇಲೆ ಬೀಳುವ ಬೆಳಕು ತಾನಾಗಿ ದೊಡ್ಡ ವಸ್ತುವಿನ ಮೈದುಂಬಿದ ಭಾವವನ್ನು ಕೊಡಲಾರದು, ಕುಂಚವು ಅದಕ್ಕೆ ನೆರವಾಗಬೇಕು. ಆದರೂ ನೋಟವೊಂದನ್ನೇ ಪರಮಾರ್ಥವೆಂದು ನಂಬಿದಾಗ, ಲಾರಿಯು ಚಿತ್ರಪಟದಂತೆ ಸುಂದರವಾಗಿ, ಯಾವ ಊರಿನದೂ ಅಲ್ಲದ, ಯಾವ ಹಾದಿಯಲ್ಲಿಯೂ ನಡೆಯದ ಲಾರಿಯಾಗಿಬಿಡುವ ಅಪಾಯವುಂಟು.

ಮೂರನೆಯದು ಚರಿತ್ರೆಯ ಪಕ್ಷ. ಮಾದರಿಯೆಂದರೆ ಒಂದು ಕಾಲದೇಶಗಳ ಸಾಕ್ಷ್ಯವೆಂದು ಇವರು ಭಾವಿಸುತ್ತಾರೆ. ಅಮೆರಿಕದ ಶೆಪರ್ಡ್ ಪೇಯ್ನ್ ಅವರು ದೃಶ್ಯಮಂಡನೆಗಳನ್ನು ಕುರಿತ ತಮ್ಮ 1980ರ ಗ್ರಂಥದ ಮೂಲಕ, ಮಾದರಿಯು ಕಥೆಯೊಂದನ್ನು ಹೇಳಬೇಕೆಂಬ ದೃಷ್ಟಿಯನ್ನು ಒಂದು ತಲೆಮಾರಿಗೆ ಕಲಿಸಿದರು. ಈ ದೃಷ್ಟಿಯಿಂದ ನೋಡಿದಾಗ ನಂಬರು ಫಲಕವೂ ಒಂದು ದಾಖಲೆಯೇ. ನಮ್ಮ ಸೇನಾವಾಹನಗಳ ನಂಬರಿನಲ್ಲಿ ಮೇಲ್ಮುಖವಾದ ಬಾಣದ ಗುರುತೂ, ವಾಹನವನ್ನು ಪಡೆದ ವರ್ಷದ ಎರಡು ಅಂಕಿಗಳೂ ಇರುವುದರಿಂದ, 1971ರ ದೃಶ್ಯದಲ್ಲಿ ನಿಂತ ಲಾರಿಗೆ ಎಂಬತ್ತರ ದಶಕದ ಅಂಕಿಯನ್ನು ಅಂಟಿಸಿದರೆ ಮಾದರಿಯು ಸುಳ್ಳುಸಾಕ್ಷಿಯನ್ನು ನುಡಿದಂತೆ. ಮುಂಭಾಗದಲ್ಲಿ ಹಳದಿಯ ವೃತ್ತದೊಳಗಿನ ಅಂಕಿಯು ಸೇತುವೆಗಳ ಮೇಲೆ ಈ ವಾಹನದ ಭಾರವನ್ನು ಯಾವ ವರ್ಗಕ್ಕೆ ಸೇರಿಸಬೇಕೆಂಬುದನ್ನು ತಿಳಿಸುವ ಗುರುತು. ಹಿಂದಿನ ಅಚ್ಚಿನ ಗುಂಡನೆಯ ಹೌಸಿಂಗಿಗೆ ಬಿಳಿಯ ಬಣ್ಣವನ್ನು ಬಳಿದು, ಅದರ ಮೇಲೆ ಮಾತ್ರ ಬೆಳಕು ಬೀಳುವಂತೆ ಲಾರಿಯ ಹೊಟ್ಟೆಯ ಕೆಳಗೆ ಒಂದು ಸಣ್ಣ ದೀಪವನ್ನಿಡುವುದು ಬ್ರಿಟಿಷ್ ಸೈನ್ಯದಿಂದ ಬಂದ ಪದ್ಧತಿ. ಶತ್ರುವಿಗೆ ಕಾಣಬಾರದೆಂದು ಮುಂದಿನ ದೀಪಗಳನ್ನೆಲ್ಲ ಆರಿಸಿ ನಡೆಯುವ ರಾತ್ರಿಯ ಸಾಲಿನಲ್ಲಿ, ಹಿಂದಿನ ಚಾಲಕನು ಮುಂದಿನ ಲಾರಿಯ ಆ ಬಿಳಿಯ ಮಚ್ಚೆಯನ್ನೇ ನೋಡುತ್ತ ಹಾದಿಯನ್ನು ಹಿಡಿಯಬೇಕು. ಮಾದರಿಯನ್ನು ತಲೆಕೆಳಗು ಮಾಡಿದವರಿಗಲ್ಲದೆ ಕಾಣದ ಈ ಚಿಕ್ಕ ವಿವರದಲ್ಲಿ ಎಷ್ಟು ಮನುಷ್ಯರ ಪ್ರಾಣಗಳು ಪರಸ್ಪರ ಆಶ್ರಯಿಸಿದ್ದವೆಂಬುದನ್ನು ನೆನೆದಾಗ, ‘ಕಾಣದ್ದನ್ನು ಏಕೆ ಮಾಡಬೇಕು’ ಎಂಬ ಪ್ರಶ್ನೆಗೆ ಬೇರೆ ಉತ್ತರವು ಬೇಡವಾಗುತ್ತದೆ.

ಧೂಳು ಕೆಸರುಗಳ ಪ್ರಶ್ನೆಯೂ ಈ ಪಕ್ಷಕ್ಕೇ ಸೇರಿದ್ದು. ನಿಜವಾದ ಮಣ್ಣನ್ನು ತಂದು ಮಾದರಿಗೆ ಹಚ್ಚುವುದು ಸಹಜವೆಂದು ತೋರಬಹುದು. ಆದರೆ ಒಂದು ಮಿಲಿಮೀಟರಿನ ಮರಳಕಣವು ಈ ಪ್ರಮಾಣದಲ್ಲಿ ಮೂರೂವರೆ ಸೆಂಟಿಮೀಟರಿನ ಜಲ್ಲಿಕಲ್ಲಾಗುತ್ತದೆ. ನಮ್ಮ ಪಂಡಿತವೈದ್ಯರು ಚೂರ್ಣವನ್ನು ಬಟ್ಟೆಯಲ್ಲಿ ಸೋಸಿ ವಸ್ತ್ರಗಾಳಿತ ಮಾಡುವಂತೆ, ಅರೆದ ಮಣ್ಣನ್ನು ತೆಳುವಾದ ಮಲ್ಲಿನಲ್ಲಿ ಜಾಲಾಡಿದ ಮೇಲೆಯೇ ಅದು ಧೂಳೆನಿಸಿಕೊಳ್ಳುತ್ತದೆ. ಬೆಳಗಾವಿಯ ಕಡೆಯ ಕೆಮ್ಮಣ್ಣು ಬೇರೆ, ಘಟಪ್ರಭೆಯ ಬಯಲಿನ ಎರೆಮಣ್ಣು ಬೇರೆ, ಲಡಾಖಿನ ಬೂದುಬಣ್ಣದ ಧೂಳು ಬೇರೆ. ಮೂರನ್ನೂ ಒಂದೇ ಲಾರಿಯ ಮೇಲೆ ಸುರಿದರೆ ಅದು ಯಾವ ದೇಶದ ಹಾದಿಯನ್ನೂ ಹೇಳದು. ಪಥಸಂಚಲನಕ್ಕೆ ಹೊರಟ ಲಾರಿಯ ಮೇಲಂತೂ ಧೂಳಿನ ಕಣವೂ ಸಲ್ಲದು. ಹೊಲಸು ಹಚ್ಚಿದಷ್ಟೂ ನೈಜವೆಂಬ ಭ್ರಮೆಯು ಹವ್ಯಾಸಿಗಳಲ್ಲಿ ಬಲವಾಗಿದೆ. ಸೇನೆಯ ಚಾಲಕನು ತನ್ನ ಗಾಡಿಯನ್ನು ದಿನವೂ ತೊಳೆದು ಒರೆಸುವವನೆಂಬುದನ್ನು ಅವರು ಮರೆಯುತ್ತಾರೆ.

ಈ ಮೂರು ಪಕ್ಷಗಳನ್ನೂ ಒಪ್ಪಿ, ಮೂರನ್ನೂ ಒಂದು ಸೂತ್ರದಲ್ಲಿ ಪೋಣಿಸಬಲ್ಲ ತತ್ತ್ವವು ಕಾಕಾ ಅವರ ಒಂದು ಮಾತಿನಲ್ಲಿತ್ತೆಂದು ನಾನು ನಿಧಾನವಾಗಿ ಕಂಡುಕೊಂಡೆನು. ಲಾರಿಯ ಧರ್ಮವು ಹೊರುವುದು. ಉದ್ದ ಅಗಲ ಎತ್ತರಗಳನ್ನು ಕಿರಿದುಗೊಳಿಸಬಹುದು. ಭಾರವು ಮಾತ್ರ ಬೇರೊಂದು ಲೆಕ್ಕದಲ್ಲಿ ಕುಗ್ಗುತ್ತದೆ. ಮೂವತ್ತೈದನ್ನು ಮೂರು ಸಲ ಗುಣಿಸಿದರೆ 42,875. ಐದು ಟನ್ ತೂಗುವ ಲಾರಿಯು ಈ ಭಾಜಕದಿಂದ ನೂರಹದಿನೇಳು ಗ್ರಾಮಿಗೆ ಇಳಿಯುತ್ತದೆ. ಮುಷ್ಟಿಯಷ್ಟು ಅಕ್ಕಿಯ ತೂಕವುಳ್ಳ ಆ ವಸ್ತುವಿನ ಭಾರಕ್ಕೆ ಟೈರು ತಳದಲ್ಲಿ ಅಗಲವಾಗುವುದಿಲ್ಲ, ಸ್ಪ್ರಿಂಗು ಬಾಗುವುದಿಲ್ಲ, ತಾಡಪತ್ರಿ ಜೋಲುವುದಿಲ್ಲ. ಪ್ರಕೃತಿಯು ಕೊಡದಿರುವ ಆ ಭಾರವನ್ನು ಮಾದರಿಕಾರನು ತನ್ನ ಕೈಯಿಂದ ಕೊಡಬೇಕು. ಅಳತೆಯೂ ಬಣ್ಣವೂ ಧೂಳೂ ಆ ಒಂದು ಕಾರ್ಯದ ಅಂಗಗಳಾದಾಗ ಮಾತ್ರ ವಿವರವೆಂಬ ಹೆಸರಿಗೆ ಯೋಗ್ಯವಾಗುತ್ತವೆ ಎಂಬುದೇ ನನ್ನ ಸಿದ್ಧಾಂತ.

ಇದನ್ನು ಆಚರಣೆಗೆ ತರುವ ಬಗೆಯನ್ನು ವಿವರಿಸುವೆನು. ಲಾರಿಯವರು ಪಾಟಾ ಎಂದು ಕರೆಯುವ ಉಕ್ಕಿನ ಪಟ್ಟಿಗಳ ಸ್ಪ್ರಿಂಗು ಬರಿಯ ಗಾಡಿಯಲ್ಲಿ ಬಿಲ್ಲಿನಂತೆ ಬಾಗಿದ್ದು, ಹೇರು ಬಿದ್ದಾಗ ಹೆಚ್ಚುಕಡಮೆ ಸಪಾಟಾಗುತ್ತದೆ. ನಿಜದ ಲಾರಿಯ ಹಿಂಭಾಗವು ಏಳು ಸೆಂಟಿಮೀಟರು ಕುಸಿದರೆ ಮಾದರಿಯಲ್ಲಿ ಎರಡು ಮಿಲಿಮೀಟರು ಇಳಿಯಬೇಕು. ಪೆಟ್ಟಿಗೆಯ ಅಚ್ಚಿನಿಂದ ಬಂದ ಪಾಟಾ ಒಂದೇ ತುಂಡಾಗಿರುವುದರಿಂದ, ಪ್ಲಾಸ್ಟಿಕ್ ಹಾಳೆಯಿಂದ ಪಟ್ಟಿಗಳನ್ನು ಕೊಯ್ದು, ಒಂದಕ್ಕಿಂತ ಒಂದು ಚಿಕ್ಕದಾಗಿ ಪೇರಿಸಿ, ಹೊಸದಾಗಿ ಕಟ್ಟುವುದೇ ಮೇಲು. ಟೈರಿನ ತಳವನ್ನು ಉಪ್ಪುಕಾಗದದ ಮೇಲೆ ಒಂದು ಮಿಲಿಮೀಟರಿಗೂ ಕಡಮೆ ಉಜ್ಜಿ, ಮಗ್ಗುಲಿಗೆ ಪುಟ್ಟಿಯಿಂದ ಕೊಂಚ ಉಬ್ಬನ್ನು ಕೊಟ್ಟರೆ ಅದು ನೆಲವನ್ನು ಒತ್ತಿ ನಿಂತಂತೆ ಕಾಣುತ್ತದೆ. ಮುಂದಿನ ಟೈರಿಗಿಂತ ಹಿಂದಿನದು ಹೆಚ್ಚು ಒತ್ತಿರಬೇಕು. ತಾಡಪತ್ರಿಗೆ ತೆಳುವಾದ ಟಿಶ್ಯೂ ಕಾಗದವನ್ನು ನೀರು ಬೆರೆಸಿದ ಫೆವಿಕಾಲಿನಲ್ಲಿ ಅದ್ದಿ, ತಂತಿಯ ಕಮಾನುಗಳ ಮೇಲೆ ಹಾಸಿ, ಎರಡು ಕಮಾನುಗಳ ನಡುವೆ ಬೆರಳಿನಿಂದ ಮೆಲ್ಲನೆ ಒತ್ತಿ ಜೋಲನ್ನು ಕೊಡಬೇಕು. ಮಳೆಗಾಲದಲ್ಲಿ ನೀರು ನಿಲ್ಲುವ ಸ್ಥಾನವು ಅದೇ. ಕಮಾನಿನ ಉದ್ದಕ್ಕೂ ಬಟ್ಟೆಯು ತಿಕ್ಕಿ ತಿಕ್ಕಿ ಬಿಳಿಚಿರುತ್ತದೆ. ಅಲ್ಲಿ ತಿಳಿಬಣ್ಣದ ಕುಂಚವು ಸಾರ್ಥಕ.

ಸವಕಳಿಗೂ ಇದೇ ನಿಯಮ. ಎಲ್ಲೆಂದರಲ್ಲಿ ಬಣ್ಣವನ್ನು ಕೆತ್ತಿ ತುಕ್ಕನ್ನು ತೋರಿಸುವುದು ಅವಿಚಾರ. ದುಡಿಮೆಯು ಮುಟ್ಟಿದ ಕಡೆಯಲ್ಲಿ ಮಾತ್ರ ಸವಕಳಿಯುಂಟಾಗುತ್ತದೆ. ಚಾಲಕನ ಬೂಟು ತಗಲುವ ಮೆಟ್ಟಿಲು, ಅವನ ಮೊಳಕೈ ಒರಗುವ ಬಾಗಿಲಿನ ಮೇಲಂಚು, ಮೂಟೆಗಳನ್ನು ಎಳೆದಿಳಿಸುವ ಹಿಂಬಾಗಿಲ ಹಲಗೆಯ ಬಾಯಿ, ಇಂಧನ ತುಂಬುವಾಗ ಚೆಲ್ಲಿದ ಡೀಸೆಲ್ಲಿನ ಕಲೆ — ಇವು ನಾಲ್ಕನ್ನು ನೋಡಿ ಬಲ್ಲವನು ಆ ಗಾಡಿಯ ದಿನಚರಿಯನ್ನೇ ಓದಬಲ್ಲನು. ಒಳಗಿಡುವ ಹೇರನ್ನೂ ವಿಚಾರಿಸಿಯೇ ಇಡಬೇಕು. ಪಡಿತರದ ಮೂಟೆಗಳನ್ನು ಪುಟ್ಟಿಯಿಂದ ಮಾಡಿ, ಹಸಿಯಿರುವಾಗಲೇ ಒಂದರ ಮೇಲೊಂದನ್ನು ಒತ್ತಿ ಪೇರಿಸಿದರೆ ಕೆಳಗಿನ ಮೂಟೆಯು ಮೇಲಿನದರ ಭಾರಕ್ಕೆ ತಾನಾಗಿ ಚಪ್ಪಟೆಯಾಗುತ್ತದೆ. ಒಣಗಿದ ಮೂಟೆಗಳನ್ನು ಜೋಡಿಸಿದರೆ ಅವು ಉರುಟುಕಲ್ಲುಗಳಂತೆ ಕಾಣುತ್ತವೆ. ಭಾರವನ್ನು ಭಾರದಿಂದಲೇ ಪಡೆದ ಈ ಒಂದು ಕಡೆಯಲ್ಲಿ ಮಾದರಿಕಾರನಿಗೆ ಪ್ರಕೃತಿಯ ಸಹಾಯವು ದೊರೆಯುತ್ತದೆ.

ಪರದೇಶದ ಪೆಟ್ಟಿಗೆಗಳು ದುಬಾರಿಯೆಂದೂ, ಅವುಗಳಲ್ಲಿ ನಮ್ಮ ಸೇನೆಯ ಲಾರಿಗಳು ಅಪೂರ್ವವೆಂದೂ ಎಳೆಯರು ನಿರಾಶರಾಗುವುದನ್ನು ಕಂಡಿದ್ದೇನೆ. ಆಮದಿನ ನಿರ್ಬಂಧಗಳಿದ್ದ ಕಾಲದಲ್ಲಿ ಬೆಳೆದ ನಮಗೆ ಪೆಟ್ಟಿಗೆಯೇ ಇರಲಿಲ್ಲ. ಆ ಇಲ್ಲದಿಕೆಯು ನಮ್ಮನ್ನು ಮೂಲವಸ್ತುವಿನ ಎದುರಿಗೆ ನಿಲ್ಲಿಸಿತು. ಇಂದು ಪೇಟೆಯಲ್ಲಿ ದೊರೆಯುವ ಸನ್‌ಬೋರ್ಡು, ಪ್ಲಾಸ್ಟಿಕ್ ಹಾಳೆ, ಹಿತ್ತಾಳೆಯ ತಂತಿ, ಎಂ-ಸೀಲು, ಬಳಸಿ ಬಿಸುಟ ಪೆನ್ನಿನ ಕಡ್ಡಿ — ಇಷ್ಟರಿಂದ ಒಂದು ಶಕ್ತಿಮಾನನ್ನು ಕಟ್ಟಲು ಸಾಧ್ಯವೆಂಬುದನ್ನು ನಾನು ಮಾಡಿಯೇ ಹೇಳುತ್ತಿದ್ದೇನೆ. ಗೋಕಾಕದ ಕುಶಲಿಗಳ ಕೈಯಲ್ಲಿರುವ ಕೆತ್ತನೆ, ಲೇಪನ, ವರ್ಣಗಳ ಜ್ಞಾನವನ್ನು ನಮ್ಮ ಶಾಲೆಗಳ ಮಕ್ಕಳು ಹೋಗಿ ನೋಡಿ ಕಲಿಯುವಂತಾದರೆ, ಆ ವಿದ್ಯೆಗೆ ಹೊಸ ಶಿಷ್ಯರೂ ಈ ಹವ್ಯಾಸಕ್ಕೆ ಹಳೆಯ ಗುರುಗಳೂ ದೊರೆತಂತಾಗುವುದೆಂದು ನಾನು ಮನಃಪೂರ್ವಕವಾಗಿ ನಂಬುತ್ತೇನೆ. ಹಾಗೆ ಕಲಿತ ಮಗುವು ಮೊದಲು ಮಾಡಬೇಕಾದದ್ದು ಟ್ಯಾಂಕನ್ನಲ್ಲ, ತನ್ನ ಊರಿನ ಹಾದಿಯಲ್ಲಿ ಹೋಗುವ ಗಾಡಿಯನ್ನು.

ನನ್ನ ಶಕ್ತಿಮಾನನ್ನು ನಾನು ಬಿಚ್ಚಿ ಮತ್ತೆ ಕಟ್ಟಿದೆನು. ಹಿಂದಿನ ಪಾಟಾಗಳನ್ನು ಸಪಾಟು ಮಾಡಿ, ಟೈರುಗಳನ್ನು ಉಜ್ಜಿ, ಮೂಟೆಗಳನ್ನು ಹಸಿಯಾಗಿಯೇ ಪೇರಿಸಿ, ಹಿಂದಿನ ಅಚ್ಚಿನ ಮೇಲೆ ಬಿಳಿಯ ಮಚ್ಚೆಯನ್ನಿಟ್ಟು, ಅದರ ಮೇಲೆ ಸೂಜಿಯ ತುದಿಯಷ್ಟು ದೀಪವನ್ನು ಕೂರಿಸಿ, ಒಂದು ಸಂಜೆ ಕಾಕಾ ಅವರ ಮುಂದೆ ಪುನಃ ಇಟ್ಟೆನು. ಅವರು ಈ ಸಲ ಕೈಗೆತ್ತಿಕೊಳ್ಳಲಿಲ್ಲ. ಜಗಲಿಯ ಮೇಲೆ ಗಲ್ಲವನ್ನು ತಾಗಿಸುವಷ್ಟು ಬಗ್ಗಿ, ಹಿಂದಿನಿಂದ, ಹಿಂದಿನ ಗಾಡಿಯ ಚಾಲಕನು ನೋಡುವ ಮಟ್ಟದಿಂದ ಬಹಳ ಹೊತ್ತು ನೋಡಿದರು. ಆಮೇಲೆ ನನ್ನತ್ತ ತಿರುಗಿ, “ದೀಪ ಇಟ್ಟೀಯಲ್ಲ ತಮ್ಮಾ” ಎಂದಷ್ಟೇ ಹೇಳಿ, ತಾವು ಯಾವ ಘಾಟಿಯಲ್ಲಿ ಯಾವ ರಾತ್ರಿ ಯಾರ ಗಾಡಿಯ ಹಿಂದೆ ನಡೆದರೆಂಬುದನ್ನು, ನಾನು ಅದುವರೆಗೆ ಎಂದೂ ಕೇಳದಿದ್ದ ಆ ಕಥೆಯನ್ನು, ಮೊದಲಿನಿಂದ ಹೇಳಲಾರಂಭಿಸಿದರು.